ಮಿಂಚು ಕಂಡರೆ ಕಿಟಕಿಗೆ ಓಡಬೇಡಿ

ನಾವು ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು. ಕ್ವಾರಿಯ 'ಢಂ' ನಮಗೆ ಹೊಸದಲ್ಲ. ನಮ್ಮಲ್ಲೊಬ್ಬಳ ಅಪ್ಪ ರೇಷ್ಮೆ ಸೀರೆ ನೇಯುವವರು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಾಗ ಮೊದಲು ಪಾದಕ್ಕೆ ಅದುರು ಗೊತ್ತಾಗ್ತದೆ, ಆಮೇಲೆ ಕಿವಿಗೆ ಸದ್ದು ಬೀಳ್ತದೆ ಅನ್ನುತ್ತಾರೆ. ಅವರು ಹೇಳೋದು ಸರಿ. ಅದುರು ಬಂಡೆಯೊಳಗೆ ಸೆಕೆಂಡಿಗೆ ಹಲವು ಕಿಲೋಮೀಟರ್ ಓಡುತ್ತದೆ. ಗಾಳಿಯಲ್ಲಿ ಸದ್ದು ಓಡುವುದು ಸುಮಾರು 340 ಮೀಟರ್ ಅಷ್ಟೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕದ ಲಾರಿ ಸಿಡಿದಾಗ ದೂರದ ಊರಿನವರೂ ಭೂಕಂಪವೆಂದೇ ಬೀದಿಗೆ ಬಂದಿದ್ದರು.

ಆದರೆ ಹತ್ತಿರದಲ್ಲಿರುವವರನ್ನು ಕೆಡವುವುದು ಸದ್ದಲ್ಲ. ನಾಯಕನಹಟ್ಟಿ ತೇರು ನೆನಪು ಮಾಡಿಕೊಳ್ಳಿ. "ಸರ್ಕೊಳ್ರಿ, ಸರ್ಕೊಳ್ರಿ" ಅನ್ನುವ ಕೂಗು ತೇರಿಗಿಂತ ಮುಂದೆ ಹೋಗುತ್ತದೆ, ಜನ ದಾರಿ ಬಿಡುತ್ತಾರೆ. ಕೂಗಿಗಿಂತ ತೇರೇ ಜೋರಾಗಿ ಬಂದರೆ? ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಬೀಳಬೇಕಷ್ಟೆ. ಸ್ಫೋಟದ ಬಿಸಿ ಅನಿಲ ಸದ್ದಿಗಿಂತ ವೇಗವಾಗಿ ಹಿಗ್ಗುತ್ತದೆ. ಮುಂದಿರುವ ಗಾಳಿಗೆ ಸರಿಯಲು ಸಮಯವೇ ಇಲ್ಲ. ಅದು ಒತ್ತಿಕೊಂಡು ಕೂದಲೆಳೆಗಿಂತ ತೆಳುವಾದ ಗೋಡೆಯಾಗಿ ನುಗ್ಗುತ್ತದೆ. ಇದೇ ಶಾಕ್ ವೇವ್, ಆಘಾತ ತರಂಗ. ಗೋಡೆ ದಾಟಿದ ಮೇಲೆ ಹಿಂದಿನಿಂದ ಸೆಳೆತವೂ ಇರುತ್ತದೆ, ಅದಕ್ಕೇ ಕೆಲವು ಗಾಜು ಹೊರಗಡೆಗೂ ಬೀಳುತ್ತವೆ. ದೂರ ಹೋದಂತೆ ಬಲ ಕುಂದಿ ಬರೀ ಸದ್ದಾಗಿ ಉಳಿಯುತ್ತದೆ.

ನಮ್ಮ ಕುದಾಪುರದಲ್ಲಿ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಪಿ.ಜೆ. ರೆಡ್ಡಿಯವರು ಇದನ್ನು ಮದ್ದಿಲ್ಲದೆ ಹುಟ್ಟಿಸುವ ಕೊಳವೆ ಮಾಡಿದ್ದಾರೆ. ಹೆಸರು 'ರೆಡ್ಡಿ ಟ್ಯೂಬ್'. ಸೈಕಲ್ ಪಂಪಿನ ಹಾಗೆ ಕೈಯಿಂದ ಒತ್ತಿದರೆ ಒಳಗಿನ ತೆಳು ಪರದೆ ಹರಿದು ಆಘಾತ ತರಂಗ ಹೊರಡುತ್ತದೆ. ನಮ್ಮೂರ ಹೈಸ್ಕೂಲಿನ ಮಕ್ಕಳಿಗೆ ಯಾರಾದರೂ ಇದನ್ನು ತೋರಿಸಬೇಕು ಅನ್ನುವುದು ನಮ್ಮ ಬಹಳ ದಿನದ ಆಸೆ.

ಈಗ ಬರೆಯಲು ಕೂತ ಕಾರಣ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಬಳಿ ಆಕಾಶದಲ್ಲಿ ಉಲ್ಕೆ ಸಿಡಿಯಿತು. ಬೆಳಕು ಕಂಡವರು ನೋಡಲು ಕಿಟಕಿಗೆ ಬಂದರು. ಹೊಡೆತ ಬಂದದ್ದು ಎರಡು ನಿಮಿಷ ದಾಟಿದ ಮೇಲೆ. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ಹೊಕ್ಕಿದ್ದು ಒಡೆದ ಗಾಜು.

ನಮ್ಮ ಕಡೆ ಈಗ ಏನು ಮಿಂಚಿದರೂ ಮೊದಲು ಮೊಬೈಲ್ ಮೇಲೇಳುತ್ತದೆ, ನಮ್ಮದೂ ಸೇರಿ. ಬೆಳಕಿಗೂ ಹೊಡೆತಕ್ಕೂ ನಡುವೆ ಕಿಲೋಮೀಟರಿಗೆ ಹೆಚ್ಚೂಕಡಿಮೆ ಮೂರು ಸೆಕೆಂಡ್ ಸಿಗುತ್ತದೆ. ಅಷ್ಟರಲ್ಲಿ ಮಕ್ಕಳನ್ನು ಎಳೆದುಕೊಂಡು ಕಿಟಕಿಯಿಂದ ದೂರ ಹೋಗಿ, ಬೋರಲು ಮಲಗಿ, ಕಿವಿ ಮುಚ್ಚಿ. ಸದ್ದು ಬಂದುಹೋಯಿತೆಂದು ಕ್ವಾರಿ ಕಡೆ ಓಡಬೇಡಿ, ಉಳಿದ ಜಿಲೆಟಿನ್ ಇನ್ನೊಮ್ಮೆ ಸಿಡಿಯಬಹುದು.