ಬರೆದವನು ಏನಂದ, ನಾವೇನು ಕೇಳಿಸಿಕೊಂಡ್ವಿ



ಹೋದ ಸಲ ಕಂದು ಜಿಗಿಹುಳದ ಬಗ್ಗೆ ಬರೆದಿದ್ದೆ. ಈ ಸಲ ಗದ್ದೆ ವಿಷಯ ಕಮ್ಮಿ, ಮನೆ ವಿಷಯ ಜಾಸ್ತಿ. ಬರೆಯೋಕೆ ಕಾರಣ ಐತೆ. ನಾಲೆ ಏರಿ ಮೇಲೆ, ಗೊಬ್ಬರದ ಅಂಗಡಿ ಮುಂದೆ ಸುಮಾರು ಜನ ಕೇಳಿದ್ದೀರಿ: "ಬಿಎಸ್ಸಿ ಅಗ್ರಿ ಮುಗಿಸಿದ ಹುಡುಗಿ ಮತ್ತೆ ಯಾಕ್ರಿ ಇಂಗ್ಲಿಷ್ ಪುಸ್ತಕ ಹಿಡ್ಕೊಂಡು ಕೂತಾಳೆ?" ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಒಂದೇ ಸಲ ಬರೆದು ಹಾಕಿದರೆ, ಓದೋ ಮಕ್ಕಳಿರೋ ಮನೆಗೆ ಉಪಯೋಗಕ್ಕೂ ಬರುತ್ತೆ. ಮಗಳನ್ನ ಕೇಳಿಯೇ ಬರೀತಿದ್ದೀನಿ.

ಅವಳು ಬರೀತಿರೋದು ಕ್ಯಾಟ್ ಪರೀಕ್ಷೆ. ಐಐಎಂಗಳು ನಡೆಸೋದು. 2025ರ ನವೆಂಬರ್ 30, ಭಾನುವಾರ. ಕ್ಯಾಟ್ ಅಂದರೆ ಬರೀ ಐಐಎಂಗೆ ಅಂತ ನಾನೂ ತಿಳಿದಿದ್ದೆ, ಹಂಗಲ್ಲ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಮ್ಯಾನೇಜ್ ಅಂತ ಕೇಂದ್ರ ಕೃಷಿ ಇಲಾಖೆಯ ಸಂಸ್ಥೆ ಐತೆ. ಅಲ್ಲಿ ಕೃಷಿ ಓದಿದವರಿಗೆ ಅಗ್ರಿ ಬಿಸಿನೆಸ್ ಅಂತ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಐತೆ. ಅದಕ್ಕೂ ಕ್ಯಾಟ್ ಅಂಕವೇ ನೋಡೋದು. ಹಾಲಿನ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಕಟ್ಟಿದ ಇರ್ಮಾಕ್ಕೂ ಈ ಅಂಕ ನಡೀತಾ ಬಂದಿದೆ. ಬೆಳೆಯೋದು ನಾವು, ಮಾರೋದು, ಮೂಟೆ ಮೇಲೆ ಹೆಸರು ಹಾಕೋದು ಬೇರೆಯವರು ಅಂತ ದಿನಾ ಮಾತಾಡ್ತೀವಲ್ಲ, ಆ ಮಾರೋ ವಿದ್ಯೆಯನ್ನೇ ಅಲ್ಲಿ ಕಲಿಸೋದು. ಮಗಳಿಗೆ ಅದೇ ಬೇಕು.

ಪರೀಕ್ಷೆ ಎರಡು ತಾಸಿಂದು. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಮೊದಲನೇದೇ ಇಂಗ್ಲಿಷ್. 40 ನಿಮಿಷ ಆದ ಕೂಡಲೇ ಆ ಭಾಗ ಮುಚ್ಚಿಹೋಗುತ್ತೆ, ತಿರುಗಿ ಹೋಗೋಕಾಗಲ್ಲ. ಸರದಿ ನೀರು ಇದ್ದ ಹಾಗೆ: ನಿನ್ನ ಪಾಳಿ ಮುಗೀತು, ತೂಬು ಮುಚ್ತು, ಮಡಿ ತುಂಬಿರಲಿ ಬಿಡಲಿ. 2024ರಲ್ಲಿ ಇಂಗ್ಲಿಷ್ ಭಾಗದಲ್ಲಿ 24 ಪ್ರಶ್ನೆ, ಅದರಲ್ಲಿ 16 ಪ್ರಶ್ನೆ ಒಂದೇ ಜಾತಿದು. ನಾಲ್ಕು ಪ್ಯಾಸೇಜ್ ಕೊಡ್ತಾರೆ, ಒಂದೊಂದು ಹತ್ತಿರ ಹತ್ತಿರ 500 ಪದ. ಓದಿ, ಒಂದೊಂದರ ಕೆಳಗೆ ನಾಲ್ಕು ಪ್ರಶ್ನೆಗೆ ಉತ್ತರ ಆರಿಸಬೇಕು. ಸರಿ ಇದ್ದರೆ 3 ಅಂಕ, ತಪ್ಪಾದರೆ 1 ಕಳೀತಾರೆ. ಇದಕ್ಕೆ ರೀಡಿಂಗ್ ಕಾಂಪ್ರೆಹೆನ್ಷನ್ ಅಂತಾರೆ, ಅಂದರೆ ಓದಿ ಅರ್ಥ ಮಾಡ್ಕೊಳ್ಳೋದು, ಅಷ್ಟೇ. ಮಾತಾಡೋ ಇಂಗ್ಲಿಷ್ ಇದರಲ್ಲಿ ಬೇಕಿಲ್ಲ.

ಅಷ್ಟೇ ಅಂತ ಬರೆದೆ, ಆದರೆ ಅದೇ ಕಷ್ಟ. ನನ್ನ ಮಗಳು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಸರ್ಕಾರಿ ಶಾಲೆ. ರೈತರ ಮಕ್ಕಳ ಕೋಟಾದಲ್ಲಿ ಕೃಷಿ ಕಾಲೇಜಿಗೆ ಸೇರಿದಳು. ಅಲ್ಲಿ ಇಂಗ್ಲಿಷ್‌ನಲ್ಲೇ ಪಾಸ್ ಮಾಡಿದಳು. ಆದರೆ ಕೃಷಿ ಪುಸ್ತಕದ ಇಂಗ್ಲಿಷ್ ಬೇರೆ. ರೋಗದ ಹೆಸರು, ಔಷಧಿ ಪ್ರಮಾಣ, ಮಣ್ಣಿನ ಗುಣ ಇದ್ದದ್ದು ಇದ್ದ ಹಾಗೆ ಇರುತ್ತೆ. ಈ ಪ್ಯಾಸೇಜುಗಳು ಹಂಗಲ್ಲ. ಒಂದು ದಿನ ಚಿತ್ರಕಲೆ, ಒಂದು ದಿನ ಸಮುದ್ರದ ಮೀನು, ಒಂದು ದಿನ ಯಾವುದೋ ದೇಶದ ಹಳೇ ವ್ಯಾಪಾರ. ಬರೆದವನು ಒಂದು ಕಡೆಯಿಂದ ಶುರು ಮಾಡಿ ಇನ್ನೊಂದು ಕಡೆ ಇಳೀತಾನೆ.

ದಾವಣಗೆರೆಯಲ್ಲಿ ಒಂದು ಕಡೆ ಕೋಚಿಂಗ್ ವಿಚಾರಿಸಿದ್ವಿ. ಅವರು ಹೇಳಿದ ಫೀಜು ನಮ್ಮ ಮೂರು ಎಕರೆ ನಾಟಿ ಕೂಲಿಗಿಂತ ಜಾಸ್ತಿ ಇತ್ತು. ಮಗಳೇ "ಬ್ಯಾಡ ಅಪ್ಪಾಜಿ, ಮನೆಯಾಗೇ ಓದ್ತೀನಿ" ಅಂದಳು. ಹಳೇ ಪ್ರಶ್ನೆಪತ್ರಿಕೆ ಫೋನಿನಲ್ಲೇ ಸಿಗ್ತವೆ. ಮಾದರಿ ಪರೀಕ್ಷೆಯನ್ನ ಕ್ಯಾಟ್‌ನವರೇ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕ್ತಾರೆ. ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕ, ದಿನಾ ಒಂದು ಇಂಗ್ಲಿಷ್ ಪೇಪರಿನ ಸಂಪಾದಕೀಯ. ಇಷ್ಟೇ ಬಂಡವಾಳ.

ನನ್ನ ಪಾಲಿನ ಕೆಲಸ ಏನಪ್ಪಾ ಅಂದರೆ ಕೇಳೋದು. ನಾನು ಎಸ್ಸೆಸ್ಸೆಲ್ಸಿ ಪಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತೀನಿ, ಅರ್ಥ ಅಷ್ಟಕ್ಕಷ್ಟೇ. ಅದೇ ಒಳ್ಳೇದಾಯ್ತು. ಬೆಳಿಗ್ಗೆ ಐದಕ್ಕೆ ಹಾಲು ಕರೆದು ಬಂದ ಮೇಲೆ ಅವಳು ಒಂದು ಪ್ಯಾಸೇಜ್ ಓದಿ, ಪುಸ್ತಕ ಮುಚ್ಚಿ, ಅದರಾಗೆ ಏನೈತೆ ಅಂತ ನನಗೆ ಕನ್ನಡದಲ್ಲಿ ಹೇಳಬೇಕು. ನಾನು ಮೂರೇ ಪ್ರಶ್ನೆ ಕೇಳೋದು: ಬರೆದವನು ಏನಂದ? ಯಾಕಂದ? ಯಾರ ಮಾತನ್ನ ಅವನು ಒಪ್ಪಲಿಲ್ಲ? ಇಂಗ್ಲಿಷ್ ಬರೋರ ಮುಂದೆ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಜಾರಿಸಬಹುದು. ನನ್ನ ಮುಂದೆ ಜಾರಿಸೋಕಾಗಲ್ಲ. "ಅದು ಒಂಥರಾ ಹಿಂಗೇ ಐತೆ ಅಪ್ಪಾಜಿ" ಅಂದಳು ಅಂದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ತಿರುಗಿ ಓದ್ತಾಳೆ.

ಹಿಂಗೆ ಮಾಡ್ತಾ ಮಾಡ್ತಾ ಕೆಲವು ಗುಟ್ಟು ನಮಗೇ ಗೊತ್ತಾದವು.

ಒಂದನೇದು, "ಬಟ್", "ಹೌಎವರ್", "ಆಲ್ದೋ", "ಯೆಟ್" ಅನ್ನೋ ಪದ ಬಂದಲ್ಲಿ ನಿಲ್ಲಬೇಕು. ಅವೆಲ್ಲ ನಮ್ಮ "ಆದರೆ", "ಆದಾಗ್ಯೂ" ಕುಲದವು. ದಲ್ಲಾಳಿ ನಮ್ಮ ಕಣಕ್ಕೆ ಬಂದು ಒಂದು ಹಿಡಿ ಭತ್ತ ಎತ್ತಿ ಏನಂತಾನೆ? "ಕಾಳು ಭಾಳ ಚೆನ್ನಾಗೈತೆ ಗೌಡ್ರೆ, ಬಣ್ಣಾನೂ ಐತೆ, ಆದರೆ ಹಸಿ ಜಾಸ್ತಿ." ಮೊದಲಿನ ಎರಡು ಮಾತು ಉಪಚಾರಕ್ಕೆ. ರೇಟು ಇಳಿಯೋದು "ಆದರೆ" ಆದ ಮೇಲೆ. ಇಂಗ್ಲಿಷ್‌ನವನೂ ಹಂಗೇ ಬರೀತಾನೆ. ಮೊದಲು ಬೇರೆಯವರ ಮಾತು ಹೇಳ್ತಾನೆ, ತನ್ನ ಮಾತನ್ನ "ಆದರೆ" ಹಿಂದೆ ಇಡ್ತಾನೆ. ಮಗಳು ಮೊದಮೊದಲು ಉಪಚಾರದ ಮಾತನ್ನೇ ಅವನ ಅಭಿಪ್ರಾಯ ಅಂತ ಗುರುತು ಹಾಕಿ ಬರ್ತಿದ್ದಳು. ಈ ದಲ್ಲಾಳಿ ಲೆಕ್ಕ ಹೇಳಿದ ಮೇಲೆ ನಕ್ಕಳು, ಆಮೇಲೆ ಆ ತಪ್ಪು ಕಮ್ಮಿ ಆಯ್ತು.

ಎರಡನೇದು, ಉತ್ತರದಲ್ಲಿ "ಎಲ್ಲಾ", "ಮಾತ್ರ", "ಯಾವತ್ತೂ", "ಎಂದೂ ಇಲ್ಲ" ಅಂತ ಇದ್ದರೆ ಅನುಮಾನ ಪಡಬೇಕು. ಎಲ್ಲಾ ಹುಳಕ್ಕೂ ಒಂದೇ ಔಷಧಿ ಅನ್ನೋನನ್ನ ನಾವು ನಂಬ್ತೀವಾ? ಡಬ್ಬಿ ಮೇಲಿನ ಚೀಟಿ ಓದಿದರೆ ಯಾವ ಬೆಳೆಗೆ, ಯಾವ ಹುಳಕ್ಕೆ, ಎಕರೆಗೆ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅಳತೆ ಇಟ್ಟು ಬರೆದಿರ್ತಾರೆ. ಪ್ಯಾಸೇಜ್ ಬರೆಯೋರೂ ಅಳತೆ ಇಟ್ಟೇ ಬರೀತಾರೆ. ಬರೆದವನು "ಕೆಲವು ಕಡೆ" ಅಂದಿದ್ದನ್ನ ಉತ್ತರದವನು "ಎಲ್ಲಾ ಕಡೆ" ಅಂತ ಉಬ್ಬಿಸಿ ಇಟ್ಟಿರ್ತಾನೆ.

ಮೂರನೇದು ಲೆಕ್ಕ. ಆಗಸ್ಟ್ ತಿಂಗಳಲ್ಲಿ ನಾಟಿ ಮುಗಿಸಿ ಮೊದಲ ಸಲ ಟೈಮ್ ಇಟ್ಟು ನೋಡಿದಾಗ ಅವಳು 16ಕ್ಕೆ 16 ಪ್ರಶ್ನೆ ಮುಟ್ಟಿದಳು. 6 ಸರಿ, 10 ತಪ್ಪು. 18ರಲ್ಲಿ 10 ಹೋಗಿ ಉಳಿದದ್ದು 8. ಈಗ ನಾಲ್ಕರಲ್ಲಿ ಒಂದು ಪ್ಯಾಸೇಜ್ ಕಷ್ಟ ಅನ್ನಿಸಿದರೆ ಅದನ್ನ ಬಿಡ್ತಾಳೆ. ಮೂರನ್ನ ನಿಧಾನಕ್ಕೆ ಓದ್ತಾಳೆ. ಹೋದ ಭಾನುವಾರ 12 ಮುಟ್ಟಿ 9 ಸರಿ, 3 ತಪ್ಪು. 27ರಲ್ಲಿ 3 ಹೋಗಿ 24. ಕಮ್ಮಿ ಮುಟ್ಟಿದ್ದಕ್ಕೆ ಮೂರು ಪಟ್ಟು ಬಂತು. ಒತ್ತಾಗಿ ನೆಟ್ಟರೆ ಇಳುವರಿ ಹೆಚ್ಚಲ್ಲ, ರೋಗ ಹೆಚ್ಚು ಅಂತ ನಮಗೆ ಗೊತ್ತಿರೋದೇ.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಒಂದು ದಿನ ಅಭ್ಯಾಸದ ಪುಸ್ತಕದಲ್ಲಿ ಭತ್ತದ ಪ್ಯಾಸೇಜೇ ಬಂತು. ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಲ್ಲಿ ಗಾಳಿ ಆಡದೆ ಮೀಥೇನ್ ಅನ್ನೋ ಅನಿಲ ಹುಟ್ಟುತ್ತೆ, ಅದು ಭೂಮಿ ಬಿಸಿ ಆಗೋಕೆ ಒಂದು ಕಾರಣ, ನಡುನಡುವೆ ನೀರು ಆರಿಸಿದರೆ ಕಮ್ಮಿ ಆಗುತ್ತೆ ಅಂತ ಬರೆದಿತ್ತು. ವಿಷಯ ನಿಜವೇ. ಮನೆ ಕಸುಬಿನ ವಿಷಯ, ನಾಲ್ಕಕ್ಕೆ ನಾಲ್ಕು ಸರಿ ಬರುತ್ತೆ ಅಂತ ಅಂದ್ಕೊಂಡ್ವಿ. ಬಂದದ್ದು ಒಂದು. ಲೇಖಕರ ಪ್ರಕಾರ ಪರಿಹಾರ ಏನು ಅನ್ನೋ ಪ್ರಶ್ನೆಗೆ ಇವಳು, ನೀರು ಉಳಿಸಿದ ರೈತನಿಗೆ ಹಣ ಕೊಡಬೇಕು ಅನ್ನೋದಕ್ಕೆ ಗುರುತು ಹಾಕಿದ್ದಳು. ಸರಿ ಉತ್ತರ, ನಡುನಡುವೆ ನೀರು ಆರಿಸೋದು.

"ನಾನು ಹಾಕಿದ್ದೇ ನ್ಯಾಯ ಅಲ್ವಾ ಅಪ್ಪಾಜಿ? ಕೊನೇ ಭಾಗದೋರಿಗೆ ನೀರೇ ಬರಲ್ಲ, ನಮಗೇ ಆರಿಸು ಅಂತ ಹೇಳಿದರೆ?" ಅಂತ ಜಗಳಕ್ಕೇ ಬಂದಳು.

"ನಿನ್ನ ಮಾತು ನ್ಯಾಯಾನೇ. ಆದರೆ ಅವನು ಅದನ್ನ ಎಲ್ಲಿ ಹೇಳ್ಯಾನೆ, ಸಾಲು ತೋರಿಸು" ಅಂದೆ.

ಹುಡುಕಿದಳು. ಇರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಸಾಲು ಬಿಟ್ಟು ಅಲ್ಲಾಡದ ಹುಡುಗಿ, ಗೊತ್ತಿದ್ದ ವಿಷಯದಲ್ಲಿ ತನ್ನ ಮಾತನ್ನ ಅವನ ಬಾಯಿಗೆ ಹಾಕಿದ್ದಳು. ಅವತ್ತಿಂದ ನೋಟ್ ಬುಕ್ಕಿನ ಮೊದಲ ಪುಟದಲ್ಲಿ ಬರ್ಕೊಂಡಿದ್ದಾಳೆ: ಸಾಲು ತೋರಿಸು.

ಈಗ ಮನೆ ವಿಷಯಕ್ಕೆ ಬರ್ತೀನಿ. ದಸರಾ ಆದ ಮೇಲೆ ಒಂದು ಸಂಬಂಧ ಬಂತು. ಒಳ್ಳೇ ಮನೆತನ, ಹುಡುಗ ನೌಕರಿಯಲ್ಲಿದ್ದಾನೆ, ಹೊಲಾನೂ ಐತೆ. ನಮ್ಮ ಮನೆಯವರಿಗೆ ಮನಸ್ಸು ಬಂದಿತ್ತು. ಮಾತಾಡಿಕೊಂಡು ಬಂದ ನಮ್ಮ ಅಣ್ಣ ಹೇಳಿದ್ದು, "ಮದುವೆ ಆದ ಮೇಲೂ ಓದಿಸ್ತಾರಂತೆ, ಇನ್ನೇನು ಬೇಕು?" ಮನೆಯಲ್ಲಿ ಎಲ್ಲರ ಮುಖ ಅರಳಿತು. ಮಗಳು ಮಾತ್ರ ಮೆತ್ತಗೆ ಕೇಳಿದಳು, "ದೊಡ್ಡಪ್ಪ, ಅವರು ಏನಂದ್ರು, ಅವರ ಮಾತಲ್ಲೇ ಹೇಳ್ರಿ."

ಅಣ್ಣ ನೆನಪು ಮಾಡ್ಕೊಂಡು ಹೇಳಿದ. "ಓದೋ ಹುಡುಗಿಗೆ ನಾವ್ಯಾಕೆ ಬ್ಯಾಡ ಅನ್ನೋಣ, ಮುಂದೆ ನೋಡೋಣ, ಅಂದ್ರು."

"ಬ್ಯಾಡ ಅನ್ನಲ್ಲ ಅಂದಾರೆ. ಓದಿಸ್ತೀವಿ ಅಂತ ಎಲ್ಲೂ ಅಂದಿಲ್ಲ ದೊಡ್ಡಪ್ಪ."

ಅಣ್ಣನಿಗೆ ಸಿಟ್ಟು ಬಂತು. ಹಿರೇರ ಮಾತಲ್ಲಿ ಹಿಂಗೆ ಕೂದಲು ಸೀಳ್ತಾರಾ ಅಂದ. ನಾನು ಏನೂ ಮಾತಾಡದೆ ಮಾರನೇ ದಿನ ಆ ಕಡೆಯವರಿಗೆ ನಾನೇ ಫೋನ್ ಮಾಡಿ ಬಿಚ್ಚಿ ಕೇಳಿದೆ: ಸೀಟು ಸಿಕ್ಕರೆ ಎರಡು ವರ್ಷ ಹೊರ ಊರಲ್ಲಿ ಹಾಸ್ಟೆಲ್‌ನಲ್ಲಿ ಇರಬೇಕಾಗುತ್ತೆ, ನಿಮಗೆ ಒಪ್ಪಿಗೆ ಏನ್ರಿ? ಅವರೂ ಮರ್ಯಾದಸ್ಥರು, ಬಿಚ್ಚೇ ಹೇಳಿದರು. "ಅಷ್ಟು ದೂರ ಆಗಲ್ಲ ನೋಡ್ರಿ, ಇಲ್ಲೇ ಏನಾದ್ರೂ ಆದ್ರೆ ನೋಡಬಹುದಿತ್ತು." ಅವರ ಮೇಲೆ ನನಗೆ ಬೇಜಾರಿಲ್ಲ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟರು. ಸಂಬಂಧ ಅಲ್ಲಿಗೆ ನಿಂತಿತು.

ನಮ್ಮ ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗಳಿಗೆ ಇಪ್ಪತ್ತಮೂರು. ಅಂಥ ಮನೆ ಮತ್ತೆ ಬರುತ್ತೋ ಇಲ್ಲವೋ ಅನ್ನೋ ಚಿಂತೆ ತಾಯಿಗೆ ಇರೋದೇ, ನನಗೂ ಐತೆ. ಪರೀಕ್ಷೆಯಲ್ಲಿ ಅಂಕ ಬರದಿದ್ದರೆ ಊರು ಏನು ಅನ್ನುತ್ತೆ ಅಂತಲೂ ಗೊತ್ತು. ಆದರೆ ಮೂರನೇ ದಿನ ಬೆಳಿಗ್ಗೆ ಐದಕ್ಕೆ ಅವರೇ ಚಾ ಮಾಡಿ ತಂದಿಟ್ಟು, "ಇವತ್ತು ನನಗೂ ಹೇಳವ್ವಾ, ಅದೇನ್ ಬರದಾನೆ ಅವನು" ಅಂತ ಪಕ್ಕದಲ್ಲಿ ಕೂತರು. ಅವತ್ತಿನ ಪ್ಯಾಸೇಜ್ ಜೇನುಹುಳದ್ದು. ಅವರು ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು. ಈಗ ದಿನಾ ಇಬ್ಬರೂ ಕೂರ್ತೀವಿ.

ಕ್ಯಾಟ್ ಒಂದನ್ನೇ ನೆಚ್ಚಿಕೊಂಡಿಲ್ಲ. ಇದರಲ್ಲಿ ಆಗದಿದ್ದರೆ ನಮ್ಮ ರಾಜ್ಯದ ಪಿಜಿಸಿಇಟಿ ಐತೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಎಂಬಿಎಗೆ 100 ಪ್ರಶ್ನೆ, ಎರಡು ತಾಸು, ತಪ್ಪಿಗೆ ಅಂಕ ಕಳೆಯಲ್ಲ. ಅದರಲ್ಲೂ ಇಂಗ್ಲಿಷ್ ಭಾಗ ಐತೆ, ಹಾಗಾಗಿ ಈಗ ಓದಿದ್ದು ವ್ಯರ್ಥ ಆಗಲ್ಲ. ದಾವಣಗೆರೆ ವಿಶ್ವವಿದ್ಯಾನಿಲಯ ತೋಳಹುಣಸೆಯಲ್ಲೇ ಐತೆ, ಮನೆಯಿಂದ ಓಡಾಡಬಹುದು. ಯಾವುದೇ ಡಿಗ್ರಿ ಮಾಡಿದ ಮಕ್ಕಳಿಗೂ ಎಂಬಿಎ ದಾರಿ ತೆರೆದಿದೆ, ಸಾಮಾನ್ಯ ವರ್ಗಕ್ಕೆ ಶೇಕಡಾ 50 ಅಂಕ ಇರಬೇಕು. ನಿಮ್ಮ ಮನೆಯಲ್ಲಿ ಬಿಕಾಂ, ಬಿಎ ಮುಗಿಸಿ ಕೂತ ಮಕ್ಕಳಿದ್ದರೆ ಹೇಳ್ರಿ.

ಇಂಗ್ಲಿಷ್ ಬರದ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ನಮಗೆ ಬರಲ್ಲ ಅಂತ ದೂರ ಕೂರಬ್ಯಾಡ್ರಿ. ದಿನಕ್ಕೆ ಅರ್ಧ ತಾಸು, ಒಂದು ಪ್ಯಾಸೇಜ್. ಟೈಮ್ ನೋಡ್ರಿ, ಕನ್ನಡದಲ್ಲಿ ಹೇಳಿಸ್ರಿ, ಯಾಕೆ ಅಂತ ಕೇಳ್ರಿ. ತಪ್ಪಾದ ಉತ್ತರಕ್ಕೆ ಬೈಯಬ್ಯಾಡ್ರಿ, ಸಾಲು ತೋರಿಸು ಅನ್ರಿ. ಮಗಳು ಹೇಳೋ ಪ್ರಕಾರ, ಸರಿ ಉತ್ತರ ಯಾಕೆ ಸರಿ ಅನ್ನೋದಕ್ಕಿಂತ ಉಳಿದ ಮೂರು ಯಾಕೆ ತಪ್ಪು ಅಂತ ಬರೆದಿಟ್ಟಿದ್ದೇ ಅವಳಿಗೆ ಹೆಚ್ಚು ಕಲಿಸಿದ್ದು.

ಭತ್ತ ಬಾಗಿದೆ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ, ಎ ಗ್ರೇಡಿಗೆ 2,389. ತೇವಾಂಶ ಶೇಕಡಾ 17 ದಾಟಬಾರದು, ಆದಷ್ಟು ಒಣಗಿಸಿ. ನಮ್ಮ ಗದ್ದೆಗೆ ಕೊಯ್ಲು ಮಿಷಿನ್ 27ಕ್ಕೆ ಹೇಳಿದ್ದೀನಿ. 29ಕ್ಕೆ ನಾನು ಮಗಳ ಜೊತೆ ಹರಿಹರದಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗ್ತೀನಿ, ಪರೀಕ್ಷೆ ಅಲ್ಲಿ, ಬೆಳಗ್ಗೆ 8:30ಕ್ಕೆ. ಆ ಎರಡು ದಿನ ಕಣದಲ್ಲಿ ಭತ್ತ ಹರವಿರುತ್ತೆ. ಪಕ್ಕದ ಗದ್ದೆಯವರು ಮೋಡ ಕಂಡರೆ ತಾಡಪಾಲು ಎಳೆದುಬಿಡ್ರಿ. ನಮ್ಮ ಮನೆಯವರು ಒಬ್ಬರೇ ಇರ್ತಾರೆ.