ಕಂಪ್ಯೂಟರಿಗೆ ಎರಡು ಬಾಟಲಿ ನೀರು

ಮೈಸೂರಿನಿಂದ ಬೆಳಗ್ಗೆ ಹೊರಡುವ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಕಿಟಕಿ ಪಕ್ಕದ ಸೀಟು ಬೇಕೆಂದರೆ ಅರ್ಧ ಗಂಟೆ ಮೊದಲೇ ಹೋಗಬೇಕು. ದಿನಾ ಓಡಾಡುವ ಪಾಸಿನವರು ಕರ್ಚೀಫು ಹಾಕಿ ಜಾಗ ಹಿಡಿದುಬಿಡುತ್ತಾರೆ. ಕಳೆದ ಏಪ್ರಿಲ್‌ನ ಒಂದು ಶನಿವಾರ ನಾನೂ ನನ್ನ ಮೊಮ್ಮಗಳೂ ಹಾಗೆ ಮೊದಲೇ ಹೋಗಿ ಕೂತೆವು. ನನ್ನ ಕೈಯಲ್ಲಿ ಎರಡು ಖಾಲಿ ಚೀಲ. ಒಳಜೇಬಿನಲ್ಲಿ, ಅವಧಿ ಮುಗಿದ ಒಂದು ಠೇವಣಿಯ ದುಡ್ಡು.

ಮೊಮ್ಮಗಳು ಆಗಷ್ಟೇ ಎರಡನೇ ಪಿಯುಸಿ ಪರೀಕ್ಷೆ ಮುಗಿಸಿದ್ದಳು. ಮೂರು ನಿಮಿಷದ ಒಂದು ಅನಿಮೇಷನ್ ಚಿತ್ರ ಮಾಡುತ್ತಿದ್ದಳು. ಅರಮನೆ ಮುಂದಿನಿಂದ ಒಂದು ಟಾಂಗಾ ಹೊರಟು, ದೊಡ್ಡ ಗಡಿಯಾರ ದಾಟಿ, ಚಿಕ್ಕ ಗಡಿಯಾರದ ಹತ್ತಿರ ತಿರುಗಿ, ದೇವರಾಜ ಮಾರ್ಕೆಟ್ ಸೇರುವುದು, ಅಷ್ಟೇ ಕಥೆ. ಜೂನ್‌ನೊಳಗೆ ಅದನ್ನು ಒಂದು ಕಾಲೇಜಿನ ಪ್ರವೇಶಕ್ಕೆ ಕಳಿಸಬೇಕಿತ್ತು. ಅವಳ ಹಳೆಯ ಲ್ಯಾಪ್‌ಟಾಪು ಹತ್ತು ಸೆಕೆಂಡಿನ ಚಿತ್ರಕ್ಕೆ ಇಡೀ ರಾತ್ರಿ ತೆಗೆದುಕೊಂಡು, ಬೆಳಗ್ಗೆ ದೋಸೆ ಹುಯ್ಯುವಷ್ಟು ಕಾದಿರುತ್ತಿತ್ತು. ಹೊಸದು ಬೇಕು ಎಂದಾಗ ನನ್ನ ಮಗ, "ಗೇಮ್ ಆಡೋಕೆ ಇಷ್ಟು ದುಡ್ಡಾ?" ಎಂದು ಎದ್ದು ಹೋದ. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನಾನು ಠೇವಣಿಯ ರಸೀದಿ ತೆಗೆದೆ.

ನಾನು ಹಾಗೆ ಮಾಡಿದ್ದಕ್ಕೆ ಒಂದು ಹಳೆಯ ಬಾಕಿಯೂ ಕಾರಣ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುತ್ತದೆ ಎಂದಾಗ ನೌಕರರ ಸಂಘಗಳು ವಿರೋಧಿಸಿದವು. ಬಾಗಿಲಲ್ಲಿ ನಿಂತು ಕೂಗಿದವರಲ್ಲಿ ನಾನೂ ಒಬ್ಬ. ಆಮೇಲೆ ನಮ್ಮ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರ ಬಂತು. ಅದಕ್ಕೆ ಗಾಜಿನ ಕೋಣೆ, ಎ.ಸಿ., ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ನಾವೆಲ್ಲ ಹೊರಗೆ ಕಿರುಗುಟ್ಟುವ ಫ್ಯಾನಿನ ಕೆಳಗೆ ಬೆವರುತ್ತಿದ್ದೆವು. ಯಂತ್ರಕ್ಕೇಕೆ ಇಷ್ಟು ಉಪಚಾರ ಎಂದು ಆಗ ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಸೋತಂತೆ ಎನ್ನಿಸಿತ್ತು.

ಮೈಸೂರಿನಲ್ಲಿ ನಾವು ಹುಡುಕಲಿಲ್ಲ ಎನ್ನಬೇಡಿ. ದೇವರಾಜ ಅರಸು ರಸ್ತೆ, ಅದರ ಅಡ್ಡರಸ್ತೆಗಳು, ಸರಸ್ವತಿಪುರಂ ಎಲ್ಲ ಸುತ್ತಿದೆವು. ಕ್ಯಾಬಿನೆಟ್ಟು, ಪವರ್ ಸಪ್ಲೈ, ಮೆಮೊರಿ ಸಿಕ್ಕವು. ನೀರಿನಿಂದ ತಂಪು ಮಾಡುವ ಸಾಮಾನು ಕೇಳಿದರೆ ಮಾತ್ರ, "ಆರ್ಡರ್ ಹಾಕಿ ತರಿಸಬೇಕು ಸಾರ್, ಹದಿನೈದು ದಿನ" ಎಂಬ ಉತ್ತರ. ಅಷ್ಟು ದಿನ ಅವಳಲ್ಲಿರಲಿಲ್ಲ.

ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮೊದಲ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ನಡೆದೇ ಹೋಗಬಹುದು, ಆದರೆ ಕೈಗಾಡಿ, ಆಟೋ, ತಲೆ ಮೇಲೆ ಪೆಟ್ಟಿಗೆ ಹೊತ್ತವರ ನಡುವೆ ನುಸುಳಿಕೊಂಡು. ಅಂಗಡಿಗಳೋ, ನಮ್ಮ ಬ್ಯಾಂಕಿನ ಕ್ಯಾಷ್ ಕೌಂಟರಿನಷ್ಟು ಅಗಲ. ಒಂದರಲ್ಲಿ ಬರೀ ವೈರು, ಇನ್ನೊಂದರಲ್ಲಿ ಬರೀ ಫ್ಯಾನು, ಮತ್ತೊಂದರಲ್ಲಿ ಹಳೆಯ ಕೀಲಿಮಣೆಗಳ ಗುಡ್ಡ. ಅಂಗಡಿಯಾತ ಒಂದೇ ಉಸಿರಿಗೆ ಹಿಂದಿ, ತಮಿಳು, ಕನ್ನಡ ಮಾತಾಡುತ್ತಾನೆ; ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುತ್ತಾನೆ.

ಮೊಮ್ಮಗಳು ಕೇಳಿದ್ದು ಎಎಂಡಿ ಕಂಪನಿಯ ರೈಜೆನ್ 7 5800ಎಕ್ಸ್ ಎಂಬ ಪ್ರೊಸೆಸರ್. ಉಗುರಿನಷ್ಟು ಅಗಲದ ಚಿಪ್ಪುಗಳ ಮೇಲೆ ಲೋಹದ ಮುಚ್ಚಳ. ಒಳಗೆ ಎಂಟು ಮಿದುಳು. ಒಂದೊಂದೂ ಸೆಕೆಂಡಿಗೆ 380 ಕೋಟಿ ಸಲ ತಾಳ ಹಾಕುತ್ತದೆ, ಬೇಕಾದಾಗ ಇನ್ನೂ ಜೋರಾಗಿ. ಇದರ ಪೆಟ್ಟಿಗೆಯಲ್ಲಿ ಫ್ಯಾನು ಬರುವುದಿಲ್ಲ, ನಾವೇ ತಂಪಿನ ಏರ್ಪಾಡು ಮಾಡಿಕೊಳ್ಳಬೇಕು.

"ಬಿಲ್ ಬೇಕಾ, ಬೇಡವಾ?" ಎಂದ ಅಂಗಡಿಯಾತ. ಬಿಲ್ಲು ಬೇಕೆಂದರೆ ಶೇ 18 ಜಿಎಸ್‌ಟಿ. ಮೂವತ್ತೆಂಟು ವರ್ಷ ವೋಚರಿಗೆ ವೋಚರು ತಾಳೆ ನೋಡಿದವನನ್ನು ಕೇಳುವ ಪ್ರಶ್ನೆಯೇ ಇದು! ಬಿಲ್ಲಿಲ್ಲದೆ ವಾರಂಟಿ ಕೇಳುವುದು ಹೇಗೆ? ಬಿಲ್ಲು ಬರೆಸಿದೆ, ಪೆಟ್ಟಿಗೆಯ ಸೀಲು ನೋಡಿದೆ, ಕ್ರಮಸಂಖ್ಯೆಯನ್ನು ಬಿಲ್ಲಿನೊಂದಿಗೆ ಅಂಕಿಗೆ ಅಂಕಿ ಓದಿದೆ. ಮೊಮ್ಮಗಳು ನಾಚಿಕೆಯಿಂದ ರಸ್ತೆಯ ಕಡೆ ತಿರುಗಿ ನಿಂತಿದ್ದಳು.

ಪಂಪು, ರೇಡಿಯೇಟರ್, ನಳಿಗೆ ಸಿಕ್ಕಿದ್ದು ನಾಲ್ಕನೇ ಅಂಗಡಿಯಲ್ಲಿ. ಅಷ್ಟು ಹೊತ್ತಿಗೆ ನನ್ನ ಮಂಡಿ ಮಾತಾಡತೊಡಗಿತ್ತು. ಪಕ್ಕದ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳಿವೆ. ಅಲ್ಲಿ ನೇತುಹಾಕಿದ್ದ ರೇಡಿಯೇಟರ್ ತೋರಿಸಿ ಅವಳು, "ಇದೇ ತಾತ, ನಮ್ಮದು ಇದರ ಮರಿ" ಎಂದಳು. ಆಗ ನನಗೆ ಅರ್ಥವಾಯಿತು. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆಯೊಳಗೆ ನೀರು ಹರಿಯುತ್ತದೆ. ಒಂದೇ ತೂಕದ ಗಾಳಿಗಿಂತ ನೀರು ಸುಮಾರು ನಾಲ್ಕು ಪಟ್ಟು ಶಾಖ ಹೊರಬಲ್ಲದು. ಹೊತ್ತದ್ದನ್ನು ರೇಡಿಯೇಟರಿಗೆ ತಂದು ಇಳಿಸುತ್ತದೆ, ಫ್ಯಾನು ಅದನ್ನು ಹೊರಗೆ ಊದುತ್ತದೆ, ನೀರು ಮತ್ತೆ ಹೊರೆಗೆ ಹೋಗುತ್ತದೆ.

ಮನೆಯಲ್ಲಿ ನನ್ನ ಹೆಂಡತಿ, "ಅಷ್ಟು ಕಷ್ಟ ಯಾಕೆ, ಐಸ್ ನೀರು ಹಾಕಿಬಿಡಿ" ಎಂದಳು. ಫ್ರಿಜ್ಜಿನಿಂದ ತೆಗೆದ ಚೊಂಬಿನ ಹೊರಗೆ ಹನಿ ಕಟ್ಟುತ್ತದಲ್ಲ, ಹಾಗೆ ಕಂಪ್ಯೂಟರಿನೊಳಗೂ ಕಟ್ಟಿದರೆ ಮುಗಿಯಿತು ಕಥೆ. ನಲ್ಲಿ ನೀರೂ ಬೇಡ; ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರ ನೋಡಿದ್ದೀರಲ್ಲ? ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಬಾಟಲಿ ತಂದೆ. ಅದರೊಳಗೆ ಪಾಚಿ, ತುಕ್ಕು ಬಾರದಂತೆ ಒಂದು ದ್ರಾವಣದ ಹನಿ.

ಜೋಡಿಸಲು ಒಂದು ದಿನ ಹಿಡಿಯಿತು. ನಳಿಗೆ ಕತ್ತರಿಸುವ ಕೆಲಸ ಮಾತ್ರ ನನ್ನದು. ತರಕಾರಿ ಚಾಕುವಿನಲ್ಲಿ ಕತ್ತರಿಸಿದೆ.

ನೀರು ತುಂಬಿದ ಮೇಲೆ ಪಂಪಿಗೆ ಮಾತ್ರ ಕರೆಂಟು ಕೊಟ್ಟು ಇಪ್ಪತ್ತನಾಲ್ಕು ಗಂಟೆ ಬಿಡಬೇಕು. ಉಳಿದ ಯಾವುದಕ್ಕೂ ಕೊಡಬಾರದು. ಪ್ರತಿ ಕೀಲಿನ ಕೆಳಗೂ ಟಿಶ್ಯೂ ಕಾಗದ ಇಟ್ಟೆವು. ಲೆಡ್ಜರಿನಲ್ಲಿ ಹತ್ತು ಪೈಸೆ ತಾಳೆಯಾಗದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ, ಅಂದೂ ಬರಲಿಲ್ಲ. ಗಂಟೆಗೊಮ್ಮೆ ಟಾರ್ಚು ಹಿಡಿದು ಎದ್ದೆ. ಬೆಳಗಿನ ನಾಲ್ಕಕ್ಕೆ ಒಂದು ಕಾಗದ ಒದ್ದೆ. ಸರಿಯಾಗಿ ಮದರ್‌ಬೋರ್ಡಿನ ಮೇಲಿನ ಕೀಲು. ನಾನು ಕತ್ತರಿಸಿದ ತುದಿ ಓರೆಯಾಗಿತ್ತು.

ಮೊಮ್ಮಗಳನ್ನು ಎಬ್ಬಿಸಿ ಹೇಳಿದೆ. ಅವಳು ಬೈಯಲಿಲ್ಲ. ನೀರು ಬಸಿದು, ಬೋರ್ಡು ಒರೆಸಿ, ಎರಡು ದಿನ ಒಣಗಲು ಬಿಟ್ಟಳು. ಆ ಎರಡು ದಿನ ಊಟ ಸೇರದೇ ಇದ್ದದ್ದು ನನಗೆ. ಹೊಸ ನಳಿಗೆ ಅವಳೇ ಕತ್ತರಿಸಿದಳು. ಮತ್ತೆ ಒಂದು ಹಗಲು, ಒಂದು ರಾತ್ರಿ. ಈ ಸಲ ಕಾಗದಗಳೆಲ್ಲ ಒಣಗಿದ್ದವು. ಗುಂಡಿ ಒತ್ತಿದಾಗ ಪರದೆ ಬೆಳಗಿತು. ನನ್ನ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಆಮೇಲೆ ಓವರ್‌ಕ್ಲಾಕಿಂಗ್. ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಆ ಹೆಸರು. ಎಂಟೂ ಮಿದುಳನ್ನು ಒಟ್ಟಿಗೆ 460 ಕೋಟಿ ತಾಳಕ್ಕೆ ನಿಲ್ಲಿಸಿದಳು. ಹೀಗೆ ಓಡಿಸಿ ಕೆಟ್ಟರೆ ಕಂಪನಿಯ ವಾರಂಟಿ ಇಲ್ಲವಂತೆ. ಬಿಲ್ಲಿಗಾಗಿ ಅಷ್ಟು ಹಟ ಹಿಡಿದಿದ್ದ ನನಗೆ ಇದನ್ನು ಅವಳು ಆ ದಿನ ಹೇಳಿದಳು! 52 ನಿಮಿಷದ ಕೆಲಸ 50 ನಿಮಿಷಕ್ಕೆ ಇಳಿಯಿತು. ಲೆಕ್ಕ ಹಾಕಿದೆ: ಶೇಕಡ ನಾಲ್ಕೂ ಇಲ್ಲ. ಉಳಿತಾಯ ಖಾತೆಯ ಬಡ್ಡಿಯಷ್ಟು. ಅದಕ್ಕಾಗಿ ಇಷ್ಟು ಸಾಹಸ ಬೇಕಿರಲಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಓಡಿದರೂ ಅದು ನಿಲ್ಲಲಿಲ್ಲ, ಮುಗ್ಗರಿಸಲೂ ಇಲ್ಲ. ಬೆಳಗ್ಗೆ ಮುಟ್ಟಿದರೆ ಕ್ಯಾಬಿನೆಟ್ಟು ಉಗುರುಬೆಚ್ಚಗಿತ್ತು.

ಮೇ ಕೊನೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಚಿತ್ರ ತೋರಿಸಿದಳು. ಕುದುರೆ ಗೊರಸು ಕುಟ್ಟುತ್ತ ಬಂತು, ಟಾಂಗಾ ದೊಡ್ಡ ಗಡಿಯಾರದ ಮುಂದೆ ಹಾಯಿತು. "ನಿಲ್ಲಿಸು, ನಿಲ್ಲಿಸು" ಎಂದೆ. 1927ರಲ್ಲಿ ಕಟ್ಟಿದ ಆ ಗಡಿಯಾರದಲ್ಲಿ ಇರುವುದು ಕನ್ನಡ ಅಂಕಿಗಳು. ಅವಳು ಇಂಗ್ಲಿಷ್ ಅಂಕಿ ಹಾಕಿದ್ದಳು. ಒಂದು ಕ್ಷಣ ಪರದೆ ನೋಡಿ, ನನ್ನ ಮುಖ ನೋಡಿ, "ತಾತ, ನಾಳೆ ಬೆಳಗ್ಗೆ ಅಲ್ಲಿಗೆ ಹೋಗಿ ಫೋಟೊ ತಗೋಬೇಕು, ಬರ್ತೀರಾ?" ಎಂದಳು. ನನಗಿಂತ ಮೊದಲು ನನ್ನ ಮಗ, "ನಾನು ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ" ಎಂದ.