ಬಿಸಿನೀರು ಮತ್ತು ಕಡಲು

ಕಳೆದ ಅಕ್ಟೋಬರ್ ತಿಂಗಳ ಒಂದು ಭಾನುವಾರ ಎರಡನೆಯ ಬಲಿಪೂಜೆ ಮುಗಿಸಿ ಗುರುಮನೆಗೆ ಬರುವಷ್ಟರಲ್ಲಿ ನನ್ನ ತಂಗಿ, ಆಕೆಯ ಮಗಳು, ಅಳಿಯ ಹಾಗೂ ಅವರ ಐದು ತಿಂಗಳ ಹಸುಗೂಸು ಜಗಲಿಯ ಮೇಲೆ ನನಗಾಗಿ ಕಾದಿದ್ದರು. ಮುಖಗಳನ್ನು ಕಂಡೊಡನೆ ಇದು ಕುಶಲ ವಿಚಾರಿಸಲು ಬಂದ ಭೇಟಿಯಲ್ಲ, ಪಂಚಾಯಿತಿ ಎಂಬುದು ತಿಳಿಯಿತು. ಮದುವೆಯ ಮಾತುಕತೆ, ಆಸ್ತಿಯ ಪಾಲು, ಮುನಿಸಿಕೊಂಡ ಅಣ್ಣತಮ್ಮಂದಿರು, ಇಂಥ ವ್ಯಾಜ್ಯಗಳಲ್ಲಿ ಮೂವತ್ತು ವರ್ಷಗಳಿಂದ ನನ್ನ ಕೈ ಪಳಗಿದೆ. ಅಂದು ಬಂದದ್ದು ಮಾತ್ರ ಹೊಸ ಬಗೆಯದು. ಕೂಸನ್ನು ಎತ್ತಿಕೊಂಡು ಐದು ದಿನ ಶ್ರೀಲಂಕೆಗೆ ಹೋಗಿ, ಒಂದಿಷ್ಟು ಕೊಲಂಬೊ ನಗರ, ಒಂದಿಷ್ಟು ಕಡಲತೀರ ನೋಡಿ ಬರುವುದು ಸರಿಯೇ, ತಪ್ಪೇ?

ತಂಗಿಯ ವಾದ ಸಿದ್ಧವಾಗಿತ್ತು. 2004ರ ಸುನಾಮಿಯಿಂದ ಮೊದಲುಗೊಂಡು, 2019ರ ಏಪ್ರಿಲ್ 21ರಂದು ಪುನರುತ್ಥಾನ ಹಬ್ಬದ ಬೆಳಗ್ಗೆ ಅಲ್ಲಿನ ಚರ್ಚುಗಳಲ್ಲಿ ಸಿಡಿದ ಬಾಂಬುಗಳನ್ನು ದಾಟಿ, 2022ರಲ್ಲಿ ಪೆಟ್ರೋಲಿಗಾಗಿ ಜನ ಹಗಲಿರುಳು ಸಾಲು ನಿಂತ ಕಥೆಯವರೆಗೆ ಆಕೆ ಒಂದನ್ನೂ ಬಿಡಲಿಲ್ಲ. ಕೊನೆಗೆ, "ಹಾಲುಗಲ್ಲದ ಕೂಸಿಗೆ ಕಡಲೇನು, ಕೆರೆಯೇನು? ನಾಳೆ ದೊಡ್ಡದಾದ ಮೇಲೆ ಇದಕ್ಕೆ ನೆನಪಾದರೂ ಇರುತ್ತದೆಯೇ?" ಎಂದಳು. ನಾನು ತಲೆದೂಗಿದೆ. ತಲೆದೂಗಿದ್ದಷ್ಟೇ ಅಲ್ಲ, ಹಣದ ಸದ್ವಿನಿಯೋಗದ ಬಗ್ಗೆ ಎರಡು ಮಾತನ್ನೂ ಸೇರಿಸಿದೆ. ಪೂಜೆಯ ಪ್ರಬೋಧನೆಯ ಬಿಸಿ ಇನ್ನೂ ಆರಿರಲಿಲ್ಲವೆಂದು ಕಾಣುತ್ತದೆ.

ಸೊಸೆಯಂತಿರುವ ಆ ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ಅಂಗಳದ ಕಡೆ ನೋಡುತ್ತಿದ್ದಳು. ಅಳಿಯನೇ ನನ್ನನ್ನು ಬದಿಗೆ ಕರೆದು ವಿಷಯ ತಿಳಿಸಿದ. ಹೆರಿಗೆಯಾದ ಮೂರನೆಯ ವಾರದಿಂದ ಆಕೆ ನಿಷ್ಕಾರಣವಾಗಿ ಅಳುತ್ತಿದ್ದಳಂತೆ. ಮಗು ಮಲಗಿದರೂ ಆಕೆಗೆ ನಿದ್ರೆಯಿಲ್ಲ. ಬಾಣಂತಿಯ ಕೋಣೆಗೆ ಬಂದವರೆಲ್ಲ ಮಗುವಿನ ತೂಕ ಕೇಳಿದರು, ಬಣ್ಣ ನೋಡಿದರು, ಮೂಗು ಯಾರದೆಂದು ಚರ್ಚಿಸಿದರು. ತಾಯಿಯನ್ನು ಯಾರೂ ಏನೂ ಕೇಳಲಿಲ್ಲ. ವೈದ್ಯರು ಅದಕ್ಕೆ ಹೆರಿಗೆಯ ನಂತರದ ಖಿನ್ನತೆ ಎಂದು ಹೆಸರಿಟ್ಟು ಚಿಕಿತ್ಸೆ ಕೊಟ್ಟರು. ಈಗ ಎಷ್ಟೋ ಗುಣವಾಗಿದ್ದಾಳೆ. ಪ್ರವಾಸ ವೈದ್ಯರ ಸಲಹೆಯಲ್ಲ. ಒಂದು ರಾತ್ರಿ ಆಕೆಯೇ, "ಎಲ್ಲಾದರೂ ಸಮುದ್ರದ ಮುಂದೆ ಸುಮ್ಮನೆ ಕುಳಿತುಕೊಳ್ಳಬೇಕು" ಎಂದಿದ್ದಳಂತೆ. ಐದು ತಿಂಗಳಲ್ಲಿ ಆಕೆ ತನಗಾಗಿ ಕೇಳಿದ್ದು ಅದೊಂದೇ. ಮಲ್ಪೆಗೋ ಕಾರವಾರಕ್ಕೋ ಹೋಗಬಹುದಲ್ಲ ಎಂದೆ. ಎರಡೂ ಕಡೆ ನೆಂಟರಿದ್ದಾರೆ, ಅಲ್ಲಿಗೆ ಹೋದರೆ ಮತ್ತೆ ಬಾಣಂತಿಯ ಕೋಣೆಯೇ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಅಂದು ಮಧ್ಯಾಹ್ನ ನನಗೆ ನೆನಪಾದದ್ದು ನಮ್ಮ ತಾಯಿ. 1974ರಲ್ಲಿ ನಾವು ವೇಳಾಂಕಣ್ಣಿಗೆ ಹೋಗಿದ್ದೆವು. ನನಗಾಗ ಏಳು ವರ್ಷ. ಅಮ್ಮನ ಸೊಂಟದ ಮೇಲೆ ಹತ್ತು ತಿಂಗಳ ಕೂಸು. ಅಮ್ಮ ಬದುಕಿನಲ್ಲಿ ಕಡಲನ್ನು ಕಂಡದ್ದು ಅದೊಂದೇ ಸಲ. ನಾವು ಹುಡುಗರು ಅಲೆಗಳಲ್ಲಿ ಕುಣಿದೆವು, ಅಪ್ಪ ಹಣೆಗೆ ಕೈಯಿಟ್ಟು ದೂರದ ದೋಣಿಗಳನ್ನು ಎಣಿಸಿದರು. ಅಮ್ಮ ಕೂಸಿನ ಹಾಲು ಕಲಸಲು ಬಿಸಿನೀರು ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ, ನಾನು ಗುರುಮಠದಿಂದ ರಜೆಗೆ ಬಂದಿದ್ದಾಗ, "ಅಮ್ಮ, ಸಮುದ್ರ ಹೇಗಿತ್ತು ನಿನಗೆ?" ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಆ ಊರಲ್ಲಿ ಬಿಸಿನೀರೇ ಸಿಗಲಿಲ್ಲ ಮಗಾ" ಎಂದಳು. ಆ ಹತ್ತು ತಿಂಗಳ ಕೂಸೇ ಈಗ ಜಗಲಿಯ ಮೇಲೆ ಕುಳಿತು ಪ್ರವಾಸ ಬೇಡವೆನ್ನುತ್ತಿದ್ದ ನನ್ನ ತಂಗಿ.

ಊಟವಾದ ಮೇಲೆ ನಾನು ಪಕ್ಷಾಂತರ ಮಾಡಿದೆ. ಕಾಗದ, ಪೆನ್ನು ತರಿಸಿ ಯೋಜನೆಗೆ ಕುಳಿತೆವು. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಜಗದ್ಗುರು ಫ್ರಾನ್ಸಿಸರು ಜೋಸೆಫ್ ವಾಜ್‌ರನ್ನು ಸಂತರೆಂದು ಘೋಷಿಸಿದಾಗ ನಾನೂ ಆ ಜನಸಾಗರದಲ್ಲಿದ್ದೆ. ನಮ್ಮ ಕೆನರಾ ನಾಡಿನಲ್ಲಿ ದುಡಿದು, 1687ರಲ್ಲಿ ಸಿಂಹಳಕ್ಕೆ ಹೋದ ಗುರುವಲ್ಲವೇ ಅವರು! ಆ ಒಂದು ಯಾತ್ರೆಯ ಬಲದ ಮೇಲೆ ನಾನು ಶ್ರೀಲಂಕೆಯ ಪಂಡಿತನಾಗಿ ಹೋದೆ. ಐದು ದಿನಗಳಿಗೆ ಕೊಲಂಬೊ, ಕ್ಯಾಂಡಿ, ನುವರ ಎಲಿಯದ ಚಹಾ ತೋಟ, ಗಾಲ್ ಕೋಟೆ, ನೆಗೊಂಬೊ ಎಂದು ಬರೆದುಬಿಟ್ಟೆ. ಧರ್ಮಕೇಂದ್ರದ ಯಾತ್ರಾ ಬಸ್ಸಿನ ಚಾಳಿ: ದಿನಕ್ಕೆ ಮೂರು ಸ್ಥಳ, ಮುಂಜಾನೆ ನಾಲ್ಕಕ್ಕೆ ಗಂಟೆ! ಹುಡುಗಿ ಅಂದು ಮೊದಲ ಬಾರಿಗೆ ಬಾಯಿ ತೆರೆದು, "ಮಾವ, ಮಗು ಎರಡು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ" ಎಂದಳು. ಒಂದೊಂದೇ ಹೆಸರನ್ನು ಹೊಡೆದುಹಾಕಿದೆ. ಕ್ಯಾಂಡಿಯನ್ನು ಹೊಡೆಯುವಾಗ ಮನಸ್ಸಿಗೆ ನೋವಾಯಿತು. ಹದಿಮೂರನೆಯ ಲಿಯೋ ಜಗದ್ಗುರುಗಳು 1893ರಲ್ಲಿ ಭಾರತ ಮತ್ತು ಸಿಂಹಳಗಳಿಗಾಗಿ ಸ್ಥಾಪಿಸಿದ ಗುರುಮಠ ಅಲ್ಲಿತ್ತು. 1955ರಲ್ಲಿ ಅದು ಪುಣೆಗೆ ಬಂತು. ನನ್ನ ಬಾಲ್ಯದ ಗುರುಗಳು ಅಲ್ಲಿ ಕಲಿತವರು, ಆ ಬೆಟ್ಟಗಳ ಮಳೆಯನ್ನು ಸಾಯುವವರೆಗೂ ವರ್ಣಿಸುತ್ತಿದ್ದರು. ಆದರೆ ತಿರುವುಗಳ ಘಟ್ಟದ ದಾರಿಯಲ್ಲಿ ಹಸುಗೂಸಿಗೆ ವಾಂತಿ ಮಾಡಿಸಿ ಅವರ ಸ್ಮರಣೆ ಮಾಡಬೇಕಾಗಿಲ್ಲ.

ಕೊನೆಗೆ ಉಳಿದವು ಎರಡೇ: ಕೊಲಂಬೊದಲ್ಲಿ ಎರಡು ರಾತ್ರಿ, ನೆಗೊಂಬೊದಲ್ಲಿ ಮೂರು. ನಗರ ಮೊದಲು, ಕಡಲು ಆಮೇಲೆ. ಇದಕ್ಕೆ ಕಾರಣವಿದೆ. ವಿಮಾನ ನಿಲ್ದಾಣ ಇರುವುದು ಕಟುನಾಯಕೆಯಲ್ಲಿ. ಅಲ್ಲಿಂದ ಕೊಲಂಬೊ ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ, ನೆಗೊಂಬೊ ಹತ್ತಿರತ್ತಿರ 10 ಕಿಲೋಮೀಟರ್ ಉತ್ತರಕ್ಕೆ. ಹೋದ ದಿನ ಎಲ್ಲರಲ್ಲೂ ಉತ್ಸಾಹವಿರುತ್ತದೆ, 2013ರಲ್ಲಿ ತೆರೆದ ಹೆದ್ದಾರಿಯಲ್ಲಿ ನಗರ ಸೇರುವುದು ಕಷ್ಟವಲ್ಲ. ಮರಳುವ ದಿನ ದಣಿದಿರುತ್ತಾರೆ. ಅಂದು ನಿಲ್ದಾಣ ಕೈಗೆಟಕುವಂತಿರಬೇಕು. ಬೆಂಟೋಟದ ತೀರ ಇನ್ನೂ ಸುಂದರವೆಂದು ಅಳಿಯ ಹಟ ಹಿಡಿದ. ನಿಜವಿರಬಹುದು. ಆದರೆ ಅದು ಕೊಲಂಬೊದಿಂದಾಚೆ ದಕ್ಷಿಣಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ಸೌಂದರ್ಯಕ್ಕಿಂತ ಸಾಮೀಪ್ಯ ಲೇಸೆಂದು ನಾನು ತೀರ್ಪು ಕೊಟ್ಟೆ.

ಅವನ ಇನ್ನೊಂದು ಎಣಿಕೆಯೂ ತಪ್ಪಿತ್ತು. ರಜೆ ಸಿಗುತ್ತದೆಂದು ನವೆಂಬರ್ ತಿಂಗಳನ್ನು ಗೊತ್ತುಮಾಡಿಕೊಂಡಿದ್ದ. ನಮ್ಮ ಕರಾವಳಿಗೆ ಮಳೆ ತರುವ ಅದೇ ನೈರುತ್ಯ ಮಾರುತ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಆ ದ್ವೀಪದ ಪಡುವಣ ತೀರಕ್ಕೂ ಬಡಿಯುತ್ತದೆ. ಆಗ ಕಡಲು ಮಲ್ಪೆಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಅದು ಹಿಂದೆ ಸರಿದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನವಾದೊಡನೆ ಗುಡುಗು ಸಹಿತ ಸುರಿಯುವ ಮಳೆ. ಆ ಬದಿಯ ಕಡಲು ಶಾಂತವಾಗುವುದು ಡಿಸೆಂಬರಿನಿಂದ ಮಾರ್ಚಿಯವರೆಗೆ. ಮಳೆಗಾಲದಲ್ಲಿ ಹೋಗುವವರು ಮೂಡಣದ ತ್ರಿಕೋಣಮಲೆಯ ಕಡೆ ಹೋಗುತ್ತಾರೆ, ಆದರೆ ಕೂಸಿನೊಡನೆ ಅಷ್ಟು ದೂರದ ರಸ್ತೆ ಪ್ರಯಾಣವೆಂದರೆ ಅದು ರಜೆಯಲ್ಲ, ಪ್ರಾಯಶ್ಚಿತ್ತ. ಹೀಗಾಗಿ ಜನವರಿಯ ಕೊನೆಯ ವಾರಕ್ಕೆ ಮುಂದೂಡಿದೆವು. ಆಗ ಮಗುವಿಗೆ ಎಂಟು ತಿಂಗಳು ತುಂಬಿರುತ್ತದೆ. ರಾಗಿ ಸರಿ, ಬಾಳೆಹಣ್ಣು ತಿನ್ನುತ್ತಿರುತ್ತದೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆಯ ದಿನವೂ ತಪ್ಪುವುದಿಲ್ಲ. ಮುಂದೂಡುತ್ತೇವೆಂದಾಗ ಹುಡುಗಿಯ ಮುಖ ಕಂದಿದ್ದನ್ನು ಕಂಡೆ. ಅಂದೇ ಟಿಕೆಟ್ ತೆಗೆಸಿದೆ. ದಿನಾಂಕವೊಂದು ಗೋಡೆಯ ಮೇಲಿದ್ದರೆ ಕಾಯುವುದು ಸುಲಭ.

ತಡವಾದದ್ದೇ ಒಳ್ಳೆಯದಾಯಿತು. ಎಷ್ಟೇ ಚಿಕ್ಕ ಕೂಸಾದರೂ ಅದಕ್ಕೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಅದಕ್ಕೆ ಜನನ ಪ್ರಮಾಣಪತ್ರ ಬೇಕು. ತೆಗೆದು ನೋಡಿದರೆ ಅದರಲ್ಲಿ ಹೆಸರಿನ ಜಾಗ ಖಾಲಿ! ಜುಲೈ ತಿಂಗಳಲ್ಲಿ ನಾನೇ ಜ್ಞಾನಸ್ನಾನ ಕೊಟ್ಟು ಚರ್ಚಿನ ದಫ್ತರದಲ್ಲಿ ಹೆಸರು ಬರೆದಿದ್ದೆ. ಸರಕಾರದ ದಫ್ತರದಲ್ಲಿ ಮಗು ಇನ್ನೂ ಅನಾಮಧೇಯ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಓಡಾಟ ಮಾತ್ರ ಉಂಟು. ಆಮೇಲೆ ಭಾವಚಿತ್ರದ ಪ್ರಹಸನ. ಬಿಳಿ ಹಿನ್ನೆಲೆ ಇರಬೇಕು, ಕಣ್ಣು ತೆರೆದಿರಬೇಕು, ಹಿಡಿದವರ ಕೈ ಕಾಣಬಾರದು. ಸ್ಟುಡಿಯೋದಲ್ಲಿ ಬಿಳಿಯ ಹಾಸಿನ ಮೇಲೆ ಮಗುವನ್ನು ಮಲಗಿಸಿ, ಛಾಯಾಗ್ರಾಹಕ ಸ್ಟೂಲಿನ ಮೇಲೆ ನಿಂತು ಬಾಗಿದ್ದ; ನಾನು ಪಕ್ಕದಲ್ಲಿ ಚರ್ಚಿನ ಬೀಗದ ಕೈಗೊಂಚಲನ್ನು ಅಲ್ಲಾಡಿಸುತ್ತ ಮಗುವಿನ ಗಮನ ಸೆಳೆಯುತ್ತಿದ್ದೆ. ಹದಿನೇಳನೆಯ ಚಿತ್ರ ಸರಿಬಂತು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ಬಾಳುತ್ತದೆ. ಆ ಬೆರಗಿನ ಮುಖ ಐದು ವರ್ಷ ಅಧಿಕೃತವಾಗಿರುತ್ತದೆ. ಶ್ರೀಲಂಕೆಗೆ ಹೊರಡುವ ಮುನ್ನ ಅಂತರ್ಜಾಲದ ಮೂಲಕ ಪ್ರವೇಶಾನುಮತಿಯನ್ನು ಮಗುವಿನ ಹೆಸರಿನಲ್ಲೂ ಪಡೆಯಬೇಕು. ಅದರ ಶುಲ್ಕ, ನಿಯಮಗಳು ಆಗಾಗ ಬದಲಾಗುವುದರಿಂದ ಮಧ್ಯವರ್ತಿಗಳ ಮಾತು ನಂಬದೆ ಆ ಸರಕಾರದ ಜಾಲತಾಣವನ್ನೇ ನೋಡುವುದು ಕ್ಷೇಮ.

ವಿಮಾನದ ಬಗ್ಗೆ ತಂಗಿಗೆ ಇದ್ದ ಹೆದರಿಕೆ ಸುಲಭವಾಗಿ ಕರಗಿತು. ಬೆಂಗಳೂರಿನಿಂದ ಕೊಲಂಬೊಗೆ ಹಾರಾಟ ಸುಮಾರು ಒಂದೂವರೆ ಗಂಟೆ. ಅವರ ಮನೆಯಿಂದ ದೇವನಹಳ್ಳಿ ಮುಟ್ಟಲು ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎರಡು ವರ್ಷದೊಳಗಿನ ಮಗು ತಾಯಿಯ ಮಡಿಲಲ್ಲೇ ಕೂರುತ್ತದೆ. ವಿಮಾನ ಏರುವಾಗ, ಇಳಿಯುವಾಗ ಹಾಲು ಕುಡಿಸಿದರೆ ನುಂಗುವ ಕ್ರಿಯೆಯಿಂದ ಕಿವಿಯ ಒಳನಾಳ ತೆರೆದುಕೊಂಡು ಒತ್ತಡ ಸಮವಾಗುತ್ತದೆ, ನೋವಾಗದು. ಮತ್ತೊಂದು ಸಂಗತಿ ನನಗೆ ಬಹಳ ಹಿಡಿಸಿತು: 2006ರಿಂದ ಶ್ರೀಲಂಕೆಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ. ದೂರದೇಶಕ್ಕೆ ಹೋದವರ ಮಕ್ಕಳು ನಡುರಾತ್ರಿ ಎದ್ದು ಆಡುವ ಪೀಡೆ ಇಲ್ಲಿಲ್ಲ.

ಹೆದರಬೇಕಾದದ್ದು ಬೇರೆ. ಆ ದೇಶ ಮಲೇರಿಯಾ ಮುಕ್ತವೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು; ಡೆಂಗಿ ಮಾತ್ರ ಅಲ್ಲಿಯೂ ಇಲ್ಲಿಯೂ ಉಂಟು, ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ಹಗಲು ನಿದ್ರೆಗೂ ಸೊಳ್ಳೆಪರದೆ, ಕೈಕಾಲು ಮುಚ್ಚುವ ತೆಳು ಹತ್ತಿಯ ಅಂಗಿ. ಬಿಸಿಲಿಗೆ ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಮಾತ್ರ ತೀರ. ಕಡಲಿನಲ್ಲಿ ಮಗುವಿನ ಪಾದ ತೋಯ್ದರೆ ಸಾಕು, ಅದೂ ಗಟ್ಟಿಯಾಗಿ ಎತ್ತಿಕೊಂಡು. ಸೆಳೆತ ಯಾವ ತೀರದಲ್ಲೂ ಹೇಳಿ ಬರುವುದಿಲ್ಲ. ಜೊತೆಗೆ ಜ್ವರದ ಔಷಧ, ಓಆರ್‌ಎಸ್ ಪೊಟ್ಟಣ, ಹುರಿದು ಬೀಸಿದ ರಾಗಿ ಹಿಟ್ಟು. ಅಲ್ಲಿನ ಇಡಿಯಪ್ಪ ನಮ್ಮ ಒತ್ತುಶ್ಯಾವಿಗೆಯೇ. ಖಾರ ಸೋಕದ ಒಂದೆಳೆಯನ್ನು ಮಗುವೂ ಚಪ್ಪರಿಸೀತು. ತಳ್ಳುಗಾಡಿ ಬೇಡ, ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ಸಾಕು. ಕೊಲಂಬೊದಲ್ಲಿ ಬೆಳಗ್ಗೆ ವಿಹಾರ ಮಹಾದೇವಿ ಉದ್ಯಾನದ ನೆರಳು, ಮನಸ್ಸಾದರೆ ಸಮೀಪದಲ್ಲೇ ಇರುವ 1877ರ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಸಂಜೆ ಗಾಲ್ ಫೇಸಿನ ಗಾಳಿ, ಗಾಳಿಪಟ, ಸೀಗಡಿ ಹುದುಗಿಸಿದ ಬೇಳೆಯ ವಡೆ. ಅಷ್ಟೇ. ನಡುಹಗಲು ಎಲ್ಲರಿಗೂ ನಿದ್ರೆ.

ಬಾಂಬಿನ ವಿಷಯದಲ್ಲಿ ಮಾತ್ರ ನಾನು ತಂಗಿಗೆ ಸಮಾಧಾನ ಹೇಳಲು ಹೋಗಲಿಲ್ಲ. ನೆಗೊಂಬೊ ಸೀಮೆಯ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ಚರ್ಚಿನಲ್ಲಿ ಅಂದು ಮಡಿದವರಲ್ಲಿ ಎಳೆಯ ಮಕ್ಕಳೂ ಇದ್ದರು, ಅವರನ್ನು ಎತ್ತಿಕೊಂಡಿದ್ದ ತಾಯಂದಿರೂ ಇದ್ದರು. ಅದಕ್ಕೆ ಏನೆಂದು ಸಮಾಧಾನ? ಸಾಧ್ಯವಾದರೆ ಅಲ್ಲಿಗೆ ಹೋಗಿ ಒಂದು ಮೊಂಬತ್ತಿ ಹಚ್ಚಿರಿ ಎಂದೆ; ಮಗು ಮಲಗಿದ್ದರೆ ಎಬ್ಬಿಸಬೇಡಿ ಎಂದೂ ಹೇಳಿದೆ.

ಕೊನೆಯದಾಗಿ ನಾನೇ ಒಂದು ಸಾಲು ಬರೆಸಿದೆ: ನೆಗೊಂಬೊದ ಮೂರೂ ಸಂಜೆ ಒಂದು ಗಂಟೆ ಮಗು ತಂದೆಯ ವಶ, ತಾಯಿ ಒಬ್ಬಳೇ ತೀರಕ್ಕೆ. ಅಳಿಯ ಸಹಿ ಹಾಕಿದ. ಅಷ್ಟು ಹೊತ್ತು ಗೋಡೆಗೊರಗಿ ಮೌನವಾಗಿದ್ದ ತಂಗಿ ಕಾಗದವನ್ನು ಎಳೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿ, "ಇದೆಲ್ಲ ಸರಿ. ಆ ಹೋಟೆಲಿನಲ್ಲಿ ಬಿಸಿನೀರು ಸಿಗುತ್ತದೆಯೇ?" ಎಂದಳು. ಆಕೆಗೆ ವೇಳಾಂಕಣ್ಣಿಯ ಕಥೆಯನ್ನು ಯಾರೂ ಹೇಳಿರಲಿಲ್ಲ. ಆಗ ನಾನು ಹೇಳಿದೆ. ಕೇಳಿ ಎದ್ದು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಜನವರಿಯಲ್ಲಿ ಹೊರಡುವ ಹಿಂದಿನ ದಿನ ಒಂದು ಥರ್ಮಾಸ್ ಫ್ಲಾಸ್ಕನ್ನೂ ತಾನೇ ಹೊಲಿದ ಎರಡು ಕುಲಾವಿಗಳನ್ನೂ ಪೆಟ್ಟಿಗೆಗೆ ತುರುಕಿದಳಂತೆ.

ನೆಗೊಂಬೊದಿಂದ ಎರಡನೆಯ ಸಂಜೆ ಫೋನ್ ಬಂತು. ತಂಗಿ ಅಂದು ಗುರುಮನೆಯಲ್ಲೇ ಇದ್ದಳು. ಮಗು ಮರಳು ತಿಂದಿತೆಂದು ಹುಡುಗಿ ನಗುತ್ತ ಹೇಳಿದಳು. "ಕಡಲು ನೋಡಿದೆಯಾ?" ಎಂದು ಕೇಳಿದೆ. "ಮುಕ್ಕಾಲು ಗಂಟೆ, ಮಾವ. ಒಬ್ಬಳೇ," ಎಂದಳು. ಮುಂದೇನೋ ಹೇಳಲಿದ್ದಳು, ಅಷ್ಟರಲ್ಲಿ ತಂಗಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮರಳಿನ ವಿಚಾರಣೆ ಆರಂಭಿಸಿದಳು.